ಬೋನಿಗೆ ಏನಿಡುವುದು?

ಇಲಿಗೆ ಬೋನು ಇಡುವ ಮನುಷ್ಯ ಅದರೊಳಗೆ ತನಗೆ ಇಷ್ಟವಾದ ತಿಂಡಿಯನ್ನೇ ಇಡುತ್ತಾನೆ. ಈ ಸಿದ್ಧಾಂತವನ್ನು ನಾನು ಯಾವ ಪುಸ್ತಕದಿಂದಲೂ ಎತ್ತಿಕೊಂಡಿಲ್ಲ. ಭಾಂಡುಪಿನ ನಮ್ಮ ಚಾಳಿನಲ್ಲಿ ಎರಡು ಮಳೆಗಾಲ ಕಣ್ಣಾರೆ ನೋಡಿ ಕಲಿತದ್ದು. ಮೊದಲ ಖೋಲಿಯ ಮಾಲವಣದ ಕಾಕಾ ಸುಕಟವೇ ಆಗಬೇಕು ಅಂದರು. ಸುಕಟ ಅಂದರೆ ಒಣಗಿಸಿದ ಸಣ್ಣ ಸಿಗಡಿ. ಅದರ ವಾಸನೆ ಮೂರು ಗಲ್ಲಿ ದಾಟುತ್ತದೆ. ಎದುರು ಸಾಲಿನ ಗುಜರಾತಿ ಬೆನ್, ತುಪ್ಪ ಸವರಿದ ರೋಟ್ಲಿ ಸಾಕು, ಮೀನು ಗೀನು ನಮ್ಮ ಬಾಗಿಲ ಮುಂದೆ ಬೇಡ ಅಂದರು. ಜೌನ್‌ಪುರದ ಭೈಯಾ ಸತ್ತುವಿಗೆ ಬೆಲ್ಲ ಬೆರೆಸಿ ಉಂಡೆ ಕಟ್ಟಿ ತಂದರು. ಮಾಳಿಗೆಯ ತಮಿಳು ಅಕ್ಕ ನಿನ್ನೆಯ ಮೆದುವಡೆ ಕೊಟ್ಟು ಕಳಿಸಿದರು. ನನ್ನ ಮಾವ, ಹೋಟೆಲಿನಲ್ಲಿ ಇಪ್ಪತ್ತು ವರ್ಷ ಗಲ್ಲಾ ನೋಡಿದವರು, ಎಲ್ಲರ ಮಾತು ಕೇಳಿ ನಕ್ಕುಬಿಟ್ಟರು. "ಒಂದು ತುಂಡು ಸುಟ್ಟ ಕೊಬ್ಬರಿ ಇಡಿ ಮಾರಾಯ್ರೆ. ಅದರ ಮುಂದೆ ಇದೆಲ್ಲ ಎಂಥದ್ದು?"

ಹೀಗೆ ಒಂದು ರಾಷ್ಟ್ರೀಯ ಭಾವೈಕ್ಯದ ಸಭೆಯೇ ನಡೆದುಹೋಯಿತು. ಇಲಿಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ.

ನಗು ಬರುವ ವಿಷಯವೇ ಸರಿ. ಆದರೆ ಆ ಸಭೆ ಕೂಡಿದ್ದು ನಗುವುದಕ್ಕಲ್ಲ. ಅದರ ಹಿಂದಿನ ತಿಂಗಳು ಐದನೇ ಖೋಲಿಯ ಹುಡುಗಿ, ಎಂಟನೇ ಕ್ಲಾಸಿನವಳು, ಜ್ವರ ಎಂದು ಮಲಗಿದ್ದಳು. ಮೈಕೈ ನೋವು, ಮಳೆಗಾಲದ ಜ್ವರ, ಎರಡು ದಿನದಲ್ಲಿ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಂಡರು. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಲೆಪ್ಟೊಸ್ಪೈರೋಸಿಸ್ ಎಂಬ ಉದ್ದದ ಹೆಸರು ಹೇಳಿದರು. ನಮ್ಮ ದಕ್ಷಿಣ ಕನ್ನಡದ ಕಡೆ ಇದಕ್ಕೆ ನೇರವಾಗಿ ಇಲಿಜ್ವರ ಎಂದೇ ಹೆಸರು. ಇಲಿಯ ಮೂತ್ರದಲ್ಲಿರುವ ಸೂಕ್ಷ್ಮಾಣು ನಿಂತ ನೀರಿಗೆ ಸೇರುತ್ತದೆ. ಕಾಲಿನ ಗಾಯ, ಹಿಮ್ಮಡಿಯ ಬಿರುಕು, ಇಂಥ ದಾರಿ ಹಿಡಿದು ನಮ್ಮ ಮೈ ಸೇರುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಿ ಗಟಾರದ ನೀರು ತುಳಿಯದೆ ಸ್ಕೂಲು ಮುಟ್ಟಿದ ಮಗು ಯಾವುದಿದೆ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆ ನೀರು ಇಳಿದ ಮೇಲಿನ ವಾರಗಳಲ್ಲಿ ಇದೇ ಜ್ವರ ಊರಲ್ಲೆಲ್ಲ ಹಬ್ಬಿ ಜನ ಸತ್ತರು. ನಮ್ಮ ಹುಡುಗಿ ಬದುಕಿ ಬಂದಳು. ಬಂದವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಅದನ್ನು ನೋಡಿದ ಮೇಲೆ ಚಾಳಿನ ಕಮಿಟಿಗೆ ಬೇರೆ ಯಾವ ವಿಷಯವೂ ಉಳಿಯಲಿಲ್ಲ.

ಈ ಊರಿಗೆ ಇಲಿಯ ಭಯ ಹೊಸತೇನೂ ಅಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ, ಬಂದರಿನ ಧಾನ್ಯದ ಗೋದಾಮುಗಳ ಪಕ್ಕದಲ್ಲಿ, ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬವರು ಪ್ಲೇಗನ್ನು ಗುರುತಿಸಿದರು. ಮರುವರ್ಷದ ಜನವರಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು; ಪರೇಲಿನ ಸಂಸ್ಥೆಗೆ ಇಂದಿಗೂ ಅವರದೇ ಹೆಸರು. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ರೋಗ. ಇಷ್ಟು ಪಾಠ ಈ ಊರು 125 ವರ್ಷಕ್ಕೂ ಹಿಂದೆಯೇ ಕಲಿತಿತ್ತು. ಕಲಿತದ್ದು ಮರೆಯುವುದಕ್ಕೆ ಅಷ್ಟು ವರ್ಷವೇನೂ ಬೇಕಿಲ್ಲ.

ಇರಲಿ. ಕಾಮರ್ಸಿನ ಹುಡುಗ, ಲೆಕ್ಕ ಬರೆಯಲಿ ಎಂದು ನನ್ನ ಕೈಗೆ ನೋಟ್‌ಬುಕ್ಕು ಕೊಟ್ಟರು. ಐದು ತಂತಿಯ ಬೋನು, ಐದು ತಿಂಡಿ. ಮೊದಲ ರಾತ್ರಿಯ ಜಮೆ: ಒಂದು ಚಿಟ್ಟಿಲಿ, ಎರಡು ಸೊಂಡಿಲಿ. ಸೊಂಡಿಲಿಯನ್ನು ಇಲ್ಲಿಯವರು ಚುಚುಂದ್ರಿ ಅನ್ನುತ್ತಾರೆ. ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳ ತಿಂದು ನಮಗೆ ಉಪಕಾರ ಮಾಡಿಕೊಂಡಿರುವ ಬಡಪ್ರಾಣಿ. ಉದ್ದ ಮೂತಿ, ಕೆಟ್ಟ ವಾಸನೆ, ಕಿಚಕಿಚ ಸದ್ದು, ಇಷ್ಟೇ ಅದರ ಅಪರಾಧ. ಬಿಟ್ಟುಬಿಟ್ಟೆವು. ಎರಡನೇ ರಾತ್ರಿ ಸೊನ್ನೆ. ಮೂರನೇ ರಾತ್ರಿಯೂ ಸೊನ್ನೆ. ಆದರೆ ಬೋನಿನ ಪಕ್ಕದಲ್ಲೇ, ಗಟಾರದ ಅಂಚಿನಲ್ಲಿ, ಹೊಸ ಬಿಲದ ಮಣ್ಣು ರಾಶಿ ಬಿದ್ದಿತ್ತು. ಯಾರು ಬೇಕಾಗಿತ್ತೋ ಅವರು ಬಂದು ನೋಡಿ ಹೋಗಿದ್ದಾರೆ, ಒಳಗೆ ಮಾತ್ರ ಕಾಲಿಟ್ಟಿಲ್ಲ!

ಆ ಮಣ್ಣು ಹೆಗ್ಗಣದ್ದು. ಮರಾಠಿಯಲ್ಲಿ ಘೂಸ್, ನಮ್ಮ ತುಳುವಿನಲ್ಲಿ ಪೆರ್ಗುಡೆ. ಇಂಗ್ಲಿಷಿನವರು ಇದನ್ನು ಬ್ಯಾಂಡಿಕೂಟ್ ಅನ್ನುತ್ತಾರೆ. ಆ ಹೆಸರು ಇಂಗ್ಲಿಷಿನದೇ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ತೆಲುಗಿನ 'ಪಂದಿಕೊಕ್ಕು' ಎಂಬ ಮಾತು ಬಿಳಿಯರ ಬಾಯಲ್ಲಿ ಹಾಗಾದದ್ದು. ಪಂದಿ ಅಂದರೆ ಹಂದಿ, ಕೊಕ್ಕು ಅಂದರೆ ಇಲಿ. ಹಂದಿಯಿಲಿ! ಹೆಸರಿಟ್ಟವನು ಹೆಗ್ಗಣವನ್ನು ಹತ್ತಿರದಿಂದ ನೋಡಿದವನೇ ಇರಬೇಕು. ನೆಲ ಅಗೆಯುವ ರೀತಿ, ಹೆದರಿದಾಗ ಮೈಕೂದಲು ನಿಮಿರಿಸಿ ಗುರುಗುಟ್ಟುವ ದನಿ, ಎಲ್ಲ ಹಂದಿಯದೇ.

ಈ ಹೆಸರು ತಿಳಿದ ಮೇಲೆ ಅಜ್ಜನಿಗೆ ಫೋನು ಮಾಡಬೇಕು ಅನಿಸಿತು. ಅಜ್ಜ ಇರುವುದು ಕಾರ್ಕಳ ತಾಲೂಕಿನಲ್ಲಿ, ಘಟ್ಟದ ಬುಡದ ಹಳ್ಳಿ. ಅಲ್ಲಿ ಇಲಿಯ ಮಾತು ಕೇಳುವವರೇ ಇಲ್ಲ, ಯಾಕೆಂದರೆ ಕಾಡುಹಂದಿಯ ಮಾತೇ ಮುಗಿಯುವುದಿಲ್ಲ. "ಗೆಣಸು ಹೋಯ್ತು, ಕೆಸು ಹೋಯ್ತು, ನೆಟ್ಟ ತೆಂಗಿನ ಸಸಿ ಬುಡ ಸಮೇತ ಕಿತ್ತು ಹಾಕಿದ್ದಾವೆ. ನೀನು ಅಲ್ಲಿ ಇಲಿ ಇಲಿ ಅಂತೀಯಲ್ಲ ಮಗ" ಅಂದರು. ನಾನು ಹಂದಿಗೆ ಎಂಥ ಎರೆ ಇಡುತ್ತಿದ್ದಿರಿ ಎಂದು ಕೇಳಿದೆ. ಅಜ್ಜನ ಹುಡುಗಾಟಿಕೆಯ ಕಾಲದಲ್ಲಿ, ಅಂದರೆ 1972ರ ವನ್ಯಜೀವಿ ಕಾಯ್ದೆಗೆ ಮುಂಚೆ, ಊರಲ್ಲಿ ಹಂದಿಗೆ ಗುಂಡಿ ತೋಡುವುದು, ಬಲೆ ಕಟ್ಟುವುದು ಎಲ್ಲ ಇತ್ತು. ಈಗ ಅನುಮತಿ ಇಲ್ಲದೆ ಹಂದಿಯನ್ನು ಕೊಲ್ಲುವುದು ಅಪರಾಧ.

ಅಜ್ಜ ಹೇಳಿದ್ದು ಇಷ್ಟು. "ಹಂದಿಗೆ ಕಣ್ಣು ಸಾಲದು, ಮೂಗೇ ಅದರ ಕಣ್ಣು. ವಾಸನೆ ಉಂಟಾದ್ದು ಇಡಬೇಕು. ಹಣ್ಣಾದ ಹಲಸು, ಕೊಳೆತ ಬಾಳೆಹಣ್ಣು, ಗೆಣಸು. ಮೊದಲ ದಿನವೇ ಹಿಡಿಯುತ್ತೇನೆ ಅಂತ ಹೋದವನಿಗೆ ಹಂದಿ ಸಿಕ್ಕಲಿಕ್ಕಿಲ್ಲ. ನಾಲ್ಕು ದಿನ ಬರೇ ತಿನ್ನಲಿಕ್ಕೆ ಬಿಡಬೇಕು. ಇದು ನಮ್ಮ ಊಟದ ಜಾಗ ಅಂತ ಅದಕ್ಕೆ ಆಗಬೇಕು. ಮತ್ತೊಂದು, ಕಾಡಿನಲ್ಲಿ ಹಲಸು ಬಿದ್ದು ಕೊಳೆಯುವ ತಿಂಗಳಲ್ಲಿ ನೀನು ಎಂಥ ಇಟ್ಟರೂ ಬರುವುದಿಲ್ಲ. ಅಲ್ಲೇ ಊಟ ಉಂಟಲ್ಲ, ನಿನ್ನಲ್ಲಿಗೆ ಯಾಕೆ ಬರ್ತದೆ?"

ಇದೇ ಹಂದಿಯ ರೂಪದ ದೈವ ಪಂಜುರ್ಲಿಗೆ ಬೆಳೆ ಕಾಯಪ್ಪಾ ಎಂದು ಕೈಮುಗಿಯುವ ಊರೂ ಅದೇ. ಕೈಮುಗಿಯುವುದಕ್ಕೂ ಎರೆ ಇಡುವುದಕ್ಕೂ ಅಲ್ಲಿ ವಿರೋಧ ಕಾಣುವುದಿಲ್ಲ. ಎರಡಕ್ಕೂ ಪ್ರಾಣಿಯ ಸ್ವಭಾವ ತಿಳಿದಿರಬೇಕು, ಬಹುಶಃ ಅದಕ್ಕೇ.

ಅಜ್ಜನ ಎರಡು ಮಾತುಗಳನ್ನು ನಮ್ಮ ಬೋನಿಗೆ ಹಚ್ಚಿ ನೋಡಿದಾಗ ನೋಟ್‌ಬುಕ್ಕಿನ ಸೊನ್ನೆಗಳೆಲ್ಲ ಅರ್ಥವಾಗತೊಡಗಿದವು. ಇಲಿಗೆ ಹೊಸ ವಸ್ತು ಎಂದರೆ ಭಯ. ದಿನಾ ಓಡಾಡುವ ದಾರಿಯಲ್ಲಿ ಹೊಸ ಡಬ್ಬಿ ಕಂಡರೆ ಅದರ ಸುತ್ತು ಬಳಸಿ ಹೋಗುತ್ತದೆ. ಹೊಸ ತಿಂಡಿ ಕಂಡರೆ ಒಂದು ಚೂರು ಮಾತ್ರ ಕಚ್ಚಿ ಕಾಯುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹೊರಗೆ ಬರಲಾರದು. ಹಾಗಾಗಿ ಅದರ ಎಚ್ಚರಿಕೆಯೆಲ್ಲ ಬಾಯಿಯಲ್ಲೇ ಇರಬೇಕು. ತಿಂದದ್ದರಿಂದ ಸಂಕಟವಾಯಿತೋ, ಮತ್ತೆ ಆ ತಿಂಡಿಯ ಕಡೆ ತಲೆ ಹಾಕುವುದಿಲ್ಲ. ಚಿಟ್ಟಿಲಿಯ ಸ್ವಭಾವ ಬೇರೆ. ಅದು ಕುತೂಹಲದ ಪ್ರಾಣಿ, ಹೊಸತು ಕಂಡಲ್ಲಿ ಮೂಗು ತೂರಿಸುತ್ತದೆ. ಮೊದಲ ರಾತ್ರಿಯೇ ಅದು ಬಿದ್ದದ್ದು, ದೊಡ್ಡವು ಬೀಳದೇ ಹೋದದ್ದು, ಎರಡೂ ಇದೇ ಲೆಕ್ಕದಲ್ಲಿ.

ಹಂದಿಯ ವಿಷಯದಲ್ಲಿ ದೊಡ್ಡ ದೇಶಗಳೂ ನಮ್ಮ ಅಜ್ಜನ ಶಾಲೆಯವರೇ. ಸ್ಪೇನಿನವರು 16ನೇ ಶತಮಾನದಲ್ಲಿ ಅಮೆರಿಕಕ್ಕೆ ಸಾಕುಹಂದಿಗಳನ್ನು ತಂದರು. ಹಟ್ಟಿ ಬಿಟ್ಟು ಓಡಿದವು ಕಾಡುಹಂದಿಗಳಾಗಿ, ಟೆಕ್ಸಾಸಿನಂಥ ರಾಜ್ಯಗಳ ರೈತರಿಗೆ ಇಂದು ದೊಡ್ಡ ಪೀಡೆಯಾಗಿವೆ. ಅಲ್ಲಿ ದೊಡ್ಡ ಬೇಲಿಯ ಬೋನು ಕಟ್ಟಿ, ಬಾಗಿಲು ತೆರೆದೇ ಇಟ್ಟು, ದಿನಗಟ್ಟಲೆ ಮೆಕ್ಕೆಜೋಳ ಸುರಿಯುತ್ತಾರೆ. ಇಡೀ ಹಿಂಡು ಅಂಜಿಕೆ ಬಿಟ್ಟು ಒಳಗೆ ಬರುವ ತನಕ ಬಾಗಿಲು ಬೀಳಿಸುವುದಿಲ್ಲ. ಎರಡನ್ನು ಹಿಡಿದು ಹತ್ತನ್ನು ಬಿಟ್ಟರೆ ಆ ಹತ್ತೂ ಬೋನಿನ ಪಾಠ ಕಲಿತು ಹೋಗುತ್ತವಲ್ಲ! ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಬರೀ ಜೋಳ ಇಟ್ಟರೆ ಜಿಂಕೆಗಳೂ ಬಂದು ಮೇಯುತ್ತವೆ. ಅದಕ್ಕೆ ಜೋಳವನ್ನು ನೀರಲ್ಲಿ ನೆನೆಸಿ, ಹುಳಿ ಬರಿಸಿ, ನಾತ ಹೊಡೆಯುವಂತೆ ಮಾಡಿ ಇಡುತ್ತಾರೆ. ಹಂದಿಗೆ ಅದು ಹಬ್ಬದೂಟ, ಜಿಂಕೆ ಸಾಮಾನ್ಯವಾಗಿ ಮೂಸಿ ಹೋಗಿಬಿಡುತ್ತದೆ. ಎರೆಯನ್ನು ಆರಿಸುವಾಗ ಯಾರು ತಿನ್ನಬೇಕು ಎನ್ನುವುದರ ಜೊತೆಗೆ ಯಾರು ತಿನ್ನಬಾರದು ಎಂದೂ ಕೇಳಿಕೊಂಡಿದ್ದಾರೆ.

ಎಲ್ಲರೂ ಹಾಗೆ ಕೇಳಿಕೊಳ್ಳುವುದಿಲ್ಲ. ನಮ್ಮ ಮಲೆನಾಡು, ಕರಾವಳಿ, ಕೇರಳದ ಅಂಚುಗಳಲ್ಲಿ ಕೆಲವರು ಹಂದಿಗೆಂದು ತಿನ್ನುವ ವಸ್ತುವಿನೊಳಗೆ ಸಿಡಿಮದ್ದು ಹುದುಗಿಸಿ ಇಡುತ್ತಾರೆ. ಅಜ್ಜನ ಊರಿನ ಬಡವರೊಬ್ಬರ ಹಾಲು ಕೊಡುವ ದನ ಒಂದು ಸಂಜೆ ಮೇದು ಬರುವಾಗ ಕೆಳದವಡೆ ಇಲ್ಲದೆ ಬಂತು. ಯಾರು ಇಟ್ಟದ್ದೆಂದು ಊರಿಗೆಲ್ಲ ಗೊತ್ತು, ಯಾರೂ ಹೇಳಲಿಲ್ಲ. 2020ರ ಮೇ 27ರಂದು ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಹೊಳೆಯ ನೀರಲ್ಲಿ ಬಾಯಿ ಮುಳುಗಿಸಿ ನಿಂತಲ್ಲೇ ಸತ್ತ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಅದೂ ಹಂದಿಗೆಂದು ಇಟ್ಟ ಸಿಡಿಮದ್ದಿನ ತುತ್ತೇ. ಅಂಚೆಯ ಕಾಗದಕ್ಕಾದರೆ ವಿಳಾಸ ಬರೆಯಬಹುದು, ಎರೆಗೆ ವಿಳಾಸ ಬರೆಯುವಂತಿಲ್ಲ. ಮೊದಲು ಬಂದು ಹಸಿದವರು ಯಾರೋ, ಅದು ಅವರದ್ದು.

ನಮ್ಮ ಚಾಳಿಗೆ ಈ ಮಾತು ದೂರದ್ದಾಗಿರಲಿಲ್ಲ. ನಾಲ್ಕನೇ ದಿನ ಕಮಿಟಿಯ ಸೆಕ್ರೆಟರಿ, "ಬೋನು ಗೀನು ಸಾಕು, ಪಾಷಾಣವೇ ಸರಿ" ಎಂದು ಎದ್ದು ನಿಂತರು. ಅವರ ಸಿಟ್ಟಿಗೂ ಕಾರಣವಿತ್ತು. ಹೆಗ್ಗಣದ ಬಸಿರು ಸುಮಾರು ಮೂರು ವಾರದ್ದು. ನಾವು ಒಂದನ್ನು ಹಿಡಿಯುವಷ್ಟರಲ್ಲಿ ಅದು ಒಂದು ಬಿಲ ತುಂಬಾ ಹೆರುತ್ತದೆ.

ಪಾಷಾಣಗಳ ಬಗ್ಗೆ ಆ ವಾರ ನಾನು ಓದಿ ತಿಳಿದುಕೊಂಡೆ. ರೈತರು ಹಿಂದಿನಿಂದ ಬಳಸುವುದು ಝಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ. ನುಚ್ಚಿಗೆ ಸ್ವಲ್ಪ ಎಣ್ಣೆ ಹಚ್ಚಿ, ನೂರಕ್ಕೆ ಎರಡು ಪಾಲು ಈ ಪುಡಿ ಬೆರೆಸುತ್ತಾರೆ. ಅಲ್ಲಿಯೂ ಅಜ್ಜನ ನಿಯಮವೇ: ಮೊದಲು ಎರಡು ಮೂರು ದಿನ ವಿಷವಿಲ್ಲದ ನುಚ್ಚನ್ನು ಇಟ್ಟು ರೂಢಿ ಮಾಡಿಸಬೇಕು. ಅವಸರ ಮಾಡಿದರೆ ಇಲಿ ಚೂರು ತಿಂದು, ಸಂಕಟಪಟ್ಟು, ಬದುಕಿ, ಮುಂದೆ ಆ ನುಚ್ಚನ್ನೇ ಮುಟ್ಟದು. ಈ ಕಷ್ಟ ತಪ್ಪಿಸಲು ಬಂದದ್ದು ವಾರ್ಫರಿನ್ ಜಾತಿಯ ವಿಷಗಳು. ಇವು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ, ಕೆಲವು ದಿನಗಳ ಮೇಲೆ ಕೊಲ್ಲುತ್ತವೆ. ಹಾಗಾಗಿ ಇಲಿಗೆ ತಿಂದ ತುತ್ತಿನ ಮೇಲೆ ಅನುಮಾನವೇ ಬರುವುದಿಲ್ಲ. ಇದೇ ವಾರ್ಫರಿನ್ನನ್ನು ಅಳತೆಯಿಂದ ಹೃದಯದ ರೋಗಿಗಳಿಗೆ ಔಷಧಿಯಾಗಿಯೂ ಕೊಡುತ್ತಾರೆ ಎಂದರೆ ಆಶ್ಚರ್ಯವಲ್ಲವೇ? ಮತ್ತೊಂದು, ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು. ಅದು ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತನ್ನೇ ಸುಡುತ್ತದೆ, ಅದಕ್ಕೆ ಪ್ರತಿವಿಷವೆಂಬುದೇ ಇಲ್ಲ.

ವಿಷ ಯಾವುದಾದರೂ ಅದನ್ನು ಇಡುವುದು ತಿನ್ನುವ ಪದಾರ್ಥದಲ್ಲೇ. ಕಷ್ಟ ಇರುವುದೇ ಅಲ್ಲಿ. 2022ರಲ್ಲಿ ಮಲಾಡಿನ ಒಬ್ಬ ಗೃಹಿಣಿ ಇಲಿಗೆಂದು ಟೊಮೆಟೋ ಹಣ್ಣಿಗೆ ವಿಷ 
ಹಚ್ಚಿಟ್ಟಿದ್ದರು. ಆಮೇಲೆ ಮರೆತು ಅದೇ ಹಣ್ಣನ್ನು ನೂಡಲ್ಸಿಗೆ ಹೆಚ್ಚಿ ಹಾಕಿ ತಿಂದು ತೀರಿಕೊಂಡರು ಎಂದು ಪತ್ರಿಕೆಗಳಲ್ಲಿ ಬಂತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಅಡಿಗೆಯೂ ಅಲ್ಲೇ, ಮಲಗುವುದೂ ಅಲ್ಲೇ, ಇಲಿಯೂ ಅಲ್ಲೇ. ನಮ್ಮ ಊಟಕ್ಕೂ ಅದರ ಎರೆಗೂ ಮಧ್ಯೆ ಇರುವುದು ಒಂದು ನೆನಪು ಮಾತ್ರ. ಅದು ತಪ್ಪಿದರೆ ಮುಗಿಯಿತು.

ಸಭೆಯಲ್ಲಿ ನಾನು ಇದನ್ನೆಲ್ಲ ಹೇಳುವ ಮೊದಲೇ ಐದನೇ ಖೋಲಿಯ ಅಕ್ಕ, ಆ ಹುಡುಗಿಯ ತಾಯಿ, ಮಾತಾಡಿದರು. "ಒಬ್ಬಳನ್ನು ಈಗಷ್ಟೇ ಆಸ್ಪತ್ರೆಯಿಂದ ವಾಪಸ್ ತಂದಿದ್ದೇನೆ. ಚಿಕ್ಕವನು ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾನೆ. ಪಾಷಾಣ ಇಡೋದಾದ್ರೆ ಮೊದಲು ನಮಗೆ ಬೇರೆ ಖೋಲಿ ನೋಡಿಕೊಡಿ." ಎಲ್ಲರಿಗಿಂತ ಹೆಚ್ಚು ಇಲಿಯನ್ನು ದ್ವೇಷಿಸುವ ಹಕ್ಕು ಇದ್ದದ್ದು ಅವರಿಗೇ. ಸೆಕ್ರೆಟರಿ ಕೂತುಬಿಟ್ಟರು. ಬೋನೇ ಇರಲಿ ಎಂದಾಯಿತು.

ಇನ್ನು ಅಜ್ಜನ ಎರಡನೆಯ ಮಾತು. ಕಾಡಿನಲ್ಲಿ ಹಲಸು ಕೊಳೆಯುವಾಗ ಹಂದಿ ಬೋನಿಗೆ ಬರುವುದಿಲ್ಲ. ಹಾಗಾದರೆ ಭಾಂಡುಪಿನ ಹಲಸು ಯಾವುದು? ಒಂದು ರಾತ್ರಿ ಟಾರ್ಚು ಹಿಡಿದು ಗಲ್ಲಿ ಸುತ್ತಿದೆ. ಹುಡುಕುವ ಕಷ್ಟವೇ ಬೀಳಲಿಲ್ಲ. ಪ್ರತಿ ಖೋಲಿಯ ಹೊರಗೆ ಬಾಯಿ ತೆರೆದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅನ್ನ, ಮೀನಿನ ಮುಳ್ಳು, ಚಪಾತಿಯ ತುಂಡು. ಗಲ್ಲಿಯ ತುದಿಯಲ್ಲಿ ಹೋಟೆಲಿನ ಹಿಂಬಾಗಿಲು, ಅಲ್ಲಿ ಎರಡು ದೊಡ್ಡ ಬಕೆಟ್ಟು ತುಂಬ ಮುಸುರೆ. ಸಾಂಬಾರಿನಲ್ಲಿ ನೆಂದ ಇಡ್ಲಿ, ವಡೆ, ಕೊಬ್ಬರಿ ಚಟ್ನಿ, ಬೆಣ್ಣೆ ಹಚ್ಚಿದ ಪಾವ್. ಬಕೆಟ್ಟಿಗೆ ಮುಚ್ಚಳವಿಲ್ಲ. ಅದರ ಸುತ್ತ ಹೆಗ್ಗಣಗಳು ಮದುವೆ ಮನೆಯ ಪಂಕ್ತಿಯ ಹಾಗೆ ಕೂತಿದ್ದವು. ಅದರಿಂದ ಹತ್ತು ಮಾರು ದೂರದಲ್ಲಿ ನಮ್ಮ ಬೋನು, ಅದರಲ್ಲಿ ಒಂದು ತುಂಡು ಸುಟ್ಟ ಕೊಬ್ಬರಿ!

ನಮಗೆ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಬದಲಿ ಸರಕು ಎಂಬ ಪಾಠ ಉಂಟು. ಕನ್ನಡ ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ: ಚಹ ತುಟ್ಟಿಯಾದರೆ ಜನ ಕಾಫಿಗೆ ಹೋಗುತ್ತಾರೆ ಇತ್ಯಾದಿ. ಅರ್ಥವಾದದ್ದು ಆ ರಾತ್ರಿ. ಎದುರು ಅಂಗಡಿಯಲ್ಲಿ ಅದೇ ಮಾಲು ಪುಕ್ಕಟೆ, ಅಪಾಯವಿಲ್ಲದೆ, ಹೊಟ್ಟೆ ಬಿರಿಯುವಷ್ಟು ಸಿಗುವಾಗ ನಮ್ಮ ಅಂಗಡಿಗೆ ಗಿರಾಕಿ ಯಾಕೆ ಬರಬೇಕು? ಎಂಥ ಎರೆ ಒಳ್ಳೆಯದು ಎಂದು ನಾವು ಒಂದು ವಾರ ಜಗಳಾಡಿದ್ದೆವು. ಎರೆಯ ಗುಣ ಎರೆಯೊಳಗೆ ಅರ್ಧ ಮಾತ್ರ ಇರುತ್ತದೆ, ಉಳಿದರ್ಧ ಅದರ ಸುತ್ತಮುತ್ತ ಇರುತ್ತದೆ.

ಚಾಳಿನ ಕಸದ ವ್ಯವಸ್ಥೆ ನಮ್ಮ ಕೈಯಲ್ಲಿತ್ತು. ಒಂಬತ್ತು ದಿನ ಹೆಂಗಸರೆಲ್ಲ ಪಟ್ಟು ಹಿಡಿದು ನಡೆಸಿದರು. ರಾತ್ರಿ ಚೀಲ ಹೊರಗಿಡುವಂತಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಒಳಗೇ ಇಟ್ಟು ಬೆಳಿಗ್ಗೆ ಕಚರಾ ಗಾಡಿಗೆ ನೇರ ಕೊಡಬೇಕು. ಅದೇ ಹೊತ್ತಿಗೆ ಬೋನುಗಳ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದಿಟ್ಟೆವು. ಗೋಡೆಯ ಬದಿಗೆ, ಹೆಗ್ಗಣ ಓಡುವ ದಾರಿಯಲ್ಲೇ, ಒಂದೇ ಜಾಗ, ದಿನಾ ಸಂಜೆ ಒಂದೇ ಹೊತ್ತು. ಬೋನನ್ನು ತೊಳೆದು ಹೊಳೆಯಿಸುವುದೂ ಬೇಡ ಎಂದು ಕಾಕಾ ಹೇಳಿದರು, ಅದು ಸರಿಯಾದ ಮಾತು. ಎರಡನೇ ದಿನಕ್ಕೆ ಸುಕಟ ಮಾಯ. ಮೂರನೇ ದಿನ ವಡೆಯೂ, ಕೊಬ್ಬರಿಯೂ ಮಾಯ. ನಾಲ್ಕನೇ ದಿನ ಬೆನ್ ಅವರ ಒಣ ರೋಟ್ಲಿಯನ್ನೂ ಬಿಡಲಿಲ್ಲ. ಕಸ ನಿಂತ ಮೇಲೆ ಎಲ್ಲರ ತಿಂಡಿಯೂ ಗೆದ್ದಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬೆನ್ ಅವರಿಗೆ ಮಾತ್ರ ತಮ್ಮದೇ ಮೊದಲಿಂದ ಸರಿ ಇತ್ತೆಂಬ ಭಾವನೆ, ಇರಲಿ.

ಐದನೇ ಸಂಜೆ ತಂತಿ ಬಿಚ್ಚಿದೆವು. ರಾತ್ರಿ ಹನ್ನೊಂದಕ್ಕೆ ಖಟ್ ಎಂದಿತು. ಹೋಗಿ ನೋಡಿದರೆ ಬೆಕ್ಕಿನ ಮರಿಯಷ್ಟು ದೊಡ್ಡ ಹೆಗ್ಗಣ, ಮೈಕೂದಲೆಲ್ಲ ಮುಳ್ಳಿನ ಹಾಗೆ ನಿಂತಿದೆ, ಹಂದಿಯಂತೆಯೇ ಗುರುಗುಡುತ್ತಿದೆ. ಚಪ್ಪಾಳೆ ಬೀಳಬಹುದೆಂದು ಅಂದುಕೊಂಡಿದ್ದೆ. ಯಾರೂ ತಟ್ಟಲಿಲ್ಲ. ಹಿಡಿಯುವ ಬಗ್ಗೆ ಅಷ್ಟು ಮಾತಾಡಿದ್ದೆವು, ಹಿಡಿದ ಮೇಲೆ ಏನು ಎಂದು ಒಬ್ಬರೂ ಮಾತಾಡಿರಲಿಲ್ಲ. ಬೆನ್ ಬಾಗಿಲು ಹಾಕಿಕೊಂಡರು. ಭೈಯಾ, ನ್ಯಾಷನಲ್ ಪಾರ್ಕಿನ ಗೋಡೆಯ ಹತ್ತಿರ ಬಿಟ್ಟುಬರೋಣ ಎಂದರು. ಆ ಗೋಡೆಯ ಬದಿಗೂ ಝೋಪಡಿಗಳಿವೆ, ಅಲ್ಲಿಯೂ ಮಕ್ಕಳಿದ್ದಾರೆ. ನಮ್ಮ ಜ್ವರವನ್ನು ಅವರ ಬಾಗಿಲಿಗೆ ಬಿಟ್ಟು ಬರುವುದು ಯಾವ ದಯೆ? ಕೊನೆಗೆ ಕಾಕಾ ಸುಮ್ಮನೆ ಬೋನು ಎತ್ತಿಕೊಂಡು ಕತ್ತಲಲ್ಲಿ ಹೋದರು. ಎಲ್ಲಿಗೆ, ಏನು ಮಾಡಿದರು ಎಂದು ಕೇಳಲಿಲ್ಲ. ಅರ್ಧ ತಾಸಿನ ಮೇಲೆ ಖಾಲಿ ಬೋನನ್ನು ತಂದು ಇಟ್ಟು ಕೈ ತೊಳೆದುಕೊಂಡರು.

ಐದನೇ ಖೋಲಿಯ ಹುಡುಗಿ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಮರುದಿನ ನನ್ನನ್ನು ಕೇಳಿದಳು: "ಅಣ್ಣಾ, ಬಾಗಿಲು ಮುಚ್ಚುತ್ತೆ ಅಂತ ಅದಕ್ಕೆ ಗೊತ್ತಿತ್ತಾ?" ಗೊತ್ತಿರಲಿಲ್ಲ ಅಂದೆ. "ಹೌದು, ನಾಲ್ಕು ದಿನ ಮುಚ್ಚಿರಲಿಲ್ಲವಲ್ಲ" ಅಂದಳು. ಇಷ್ಟೇ ಮಾತು. ಅವಳ ದನಿಯಲ್ಲಿ ದೂರು ಇರಲಿಲ್ಲ, ಸುಮ್ಮನೆ ಲೆಕ್ಕ ಹೇಳಿದ ಹಾಗಿತ್ತು. ಆದರೆ ಅದು ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ ಲೆಕ್ಕ. ಎರೆಯ ಮುಖ್ಯ ಭಾಗ ತಿಂಡಿಯಲ್ಲ, ನಂಬಿಕೆ. ನಾಲ್ಕು ದಿನ ತೆರೆದಿದ್ದ ಬಾಗಿಲೇ ನಿಜವಾದ ಎರೆ. ಮೊದಲ ಮೂರು ತಿಂಗಳು ಪುಕ್ಕಟೆ ಎನ್ನುವ ಕಂಪೆನಿಗಳು, ಮೊದಲ ಕಂತು ಬೇಡ ಎನ್ನುವ ಸಾಲದವರು, ಎಲ್ಲರೂ ಈ ವಿದ್ಯೆಯನ್ನು ಬಲ್ಲರು. ನಮ್ಮ ಮಾರ್ಕೆಟಿಂಗ್ ಪಠ್ಯದಲ್ಲಿ ಇದಕ್ಕೆ ಅಂದವಾದ ಬೇರೆ ಹೆಸರುಗಳಿವೆ. ಕನ್ನಡದಲ್ಲಿಯೂ ಆಮಿಷ ಎಂಬ ಮಾತನ್ನು ಈಗ ನಾವು ಬೋನಿಗಿಂತ ಚುನಾವಣೆಯ ಸುದ್ದಿಯಲ್ಲೇ ಹೆಚ್ಚು ಓದುತ್ತೇವೆ. ಹೆಗ್ಗಣವನ್ನು ಹಿಡಿದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಹುಡುಗಿ ಗೋಡೆ ಹಿಡಿದು ನಡೆದದ್ದನ್ನು ನೋಡಿದವರು ಯಾರೂ ಹೇಳಲಾರರು. ಹಿಡಿಯುವುದು ಸುಲಭದ, ಶುದ್ಧವಾದ ಕೆಲಸ ಎಂದು ಮಾತ್ರ ಇನ್ನು ಹೇಳಲಾರೆ.

ಇದಾದ ಕೆಲವು ದಿನಗಳಿಗೆ ಒಂದು ರಾತ್ರಿ ಸಂಘದ ಕಾರ್ಯಕ್ರಮ ಮುಗಿಸಿ ದಾದರಿನ ಮಾರುಕಟ್ಟೆ ದಾಟಿ ಸ್ಟೇಷನ್ನಿಗೆ ಬರುವಾಗ, ಕೈಯಲ್ಲಿ ಟಾರ್ಚು, ಉದ್ದದ ಕೋಲು, ಚೀಲ ಹಿಡಿದ ಒಬ್ಬರು ಗಟಾರದ ಬದಿಯಲ್ಲಿ ನಿಂತಿದ್ದರು. ಮುನ್ಸಿಪಾಲ್ಟಿಯ ರಾತ್ರಿಪಾಳಿಯ ಇಲಿ ಕೊಲ್ಲುವವರು. ನೈಟ್ ರ‍್ಯಾಟ್ ಕಿಲ್ಲರ್ ಎಂದೇ ಅವರ ಹುದ್ದೆಯ ಹೆಸರು. ರಾತ್ರಿಗೆ 30 ಇಲಿ ಹೊಡೆದು ಬೆಳಿಗ್ಗೆ ಎಣಿಸಿ ಒಪ್ಪಿಸಬೇಕು. ಇವರ ಮೇಲೆ ಮಿರಿಯಂ ಚಾಂಡಿ ಮೆನಾಚೆರಿ ಎಂಬವರು 'ದಿ ರ‍್ಯಾಟ್ ರೇಸ್' ಎಂಬ ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ. ದೀಪ ಬಿದ್ದೊಡನೆ ಇಲಿ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ, ಆ ಒಂದು ಕ್ಷಣ ಸಾಕು ಅವರಿಗೆ. ನಾನು ಹೊಸ ಪಂಡಿತನಲ್ಲವೇ, ಕೇಳಿಯೇಬಿಟ್ಟೆ: "ದಾದಾ, ನೀವು ಎಂಥ ಎರೆ ಇಡ್ತೀರಿ?" ಅವರು ಕೋಲಿನಿಂದ ಸುತ್ತ ಒಮ್ಮೆ ತೋರಿಸಿದರು. ತರಕಾರಿ ಕಸ, ಹೂವಿನ ರಾಶಿ, ವಡಾಪಾವ್ ಗಾಡಿಯ ಕೆಳಗೆ ಬಿದ್ದ ಚೂರು. "ಆಮಾಲಾ ಕಾಹೀ ಠೇವಾಯಲಾ ಲಾಗತ್ ನಾಹೀ, ತುಮ್ಹೀಚ್ ಠೇವ್ತಾ" ಅಂದರು. ನಾವೇನೂ ಇಡಬೇಕಾಗಿಲ್ಲ, ನೀವೇ ಇಡುತ್ತೀರಿ.

ಒಂದೂವರೆ ಕೋಟಿ ಜನ ಪ್ರತಿ ರಾತ್ರಿ ಎರೆ ಇಟ್ಟು ಮಲಗುವ ಊರು ಇದು. ಬೋನು ಮಾತ್ರ ಇಟ್ಟಿಲ್ಲ. ಬೋನಿಗೆ ಏನಿಡುವುದು ಎಂದು ಕೇಳುವ ಮೊದಲು ಬೀದಿಯಲ್ಲಿ ಏನಿಟ್ಟಿದ್ದೇವೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಆಮೇಲೆ ಬೇಕಾದರೆ ಪ್ರಾಣಿಗೆ ರೂಢಿಯಾದ ತಿಂಡಿ, ರೂಢಿಯಾದ ಜಾಗ, ನಾಲ್ಕು ದಿನದ ತಾಳ್ಮೆ. ಇಡುವ ಮೊದಲು ಒಮ್ಮೆ ಸುತ್ತ ನೋಡುವುದು: ಇಲ್ಲಿ ಮಗು ಉಂಟೋ, ಬೆಕ್ಕು ಉಂಟೋ, ಮರೆಯುವ ನಾನೇ ಇದ್ದೇನೋ?

ನಮ್ಮ ಚಾಳಿನ ಡಬ್ಬಿಗಳಿಗೆ ಮುಚ್ಚಳ ಇನ್ನೂ ಉಳಿದಿದೆ. ಈ ವರ್ಷ ನಮ್ಮಲ್ಲಿ ಯಾರಿಗೂ ಆ ಜ್ವರ ಬರಲಿಲ್ಲ. ಅದು ಮುಚ್ಚಳದಿಂದಲೋ ಅದೃಷ್ಟದಿಂದಲೋ, ಒಂದು ವರ್ಷದ ಲೆಕ್ಕದಿಂದ ಹೇಳುವಂತಿಲ್ಲ. ಹೋಟೆಲಿನ ಎರಡು ಬಕೆಟ್ಟು ಮಾತ್ರ ಇದ್ದ ಹಾಗೆ ಇವೆ. ಆ ಹೋಟೆಲಿನ ಗಲ್ಲಾದಲ್ಲಿ ಕೂರುವವರು ನಮ್ಮ ಮಾವನೇ. "ಮಾವ, ನೀವು ಒಂದು ಮಾತು ಸೇಟ್ರಿಗೆ ಹೇಳಿ" ಎಂದು ಎರಡು ಸಲ ಹೇಳಿದ್ದೇನೆ. "ಹೇಳ್ತೇನೆ ಮಾರಾಯ, ಹೊತ್ತು ನೋಡಿ ಹೇಳ್ತೇನೆ" ಅನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನನ್ನ ಕಾಲೇಜಿನ ಫೀಸು ಹೋಗುವುದೂ ಅದೇ ಗಲ್ಲಾದಿಂದ ಬರುವ ಸಂಬಳದಲ್ಲಿ. ಎರಡು ಮುಚ್ಚಳಕ್ಕೆ ಎಷ್ಟಾಗುತ್ತದೆ ಎಂದು ಮೊನ್ನೆ ಭಾಂಡುಪ್ ಸ್ಟೇಷನ್ನಿನ ಹೊರಗಿನ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದೆ. ಚಾಳಿನ ಖೋಲಿಗೆ ಇಪ್ಪತ್ತು ರೂಪಾಯಿಯಂತೆ ಹಾಕಿದರೆ ಸಾಕು. ಜೂನ್ ಬರುವ ಮೊದಲು ತಂದು ಹೋಟೆಲಿನ ಹಿಂಬಾಗಿಲಲ್ಲಿ ಇಟ್ಟುಬಿಡುವುದೆಂದು ಕಾಕಾ, ಬೆನ್, ಭೈಯಾ ಎಲ್ಲ ಒಪ್ಪಿದ್ದಾರೆ. ಅದನ್ನು ನೋಡಿದಾಗ ಸೇಟ್ರು ಏನೆನ್ನುತ್ತಾರೋ ನೋಡಬೇಕು.